ಹೋರಿ ಹಬ್ಬದ ಮೈಕು ತೊದಲಿದಾಗ

ನನಗೆ ಹೋರಿ ಹುಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹಿಂದಿನಿಂದ ಯಾರೂ ಆಡಿಕೊಳ್ಳುವುದು ಬೇಡ. ಮೊಮ್ಮಕ್ಕಳಿರುವ ಹೆಂಗಸು, ದೀಪಾವಳಿ ಪಾಡ್ಯ ಮುಗಿದದ್ದೇ ತಡ, ಹಾನಗಲ್ಲು, ಹಿರೇಕೆರೂರು ತಾಲೂಕಿನ ಯಾವ ಊರಲ್ಲಿ ಯಾವತ್ತು ಹೋರಿ ಬಿಡುತ್ತಾರೆಂದು ಕೇಳಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತೇನೆ. ಸೊಸೆ ನಗುತ್ತಾಳೆ, ಬೀಗಿತ್ತಿ ನಗುತ್ತಾಳೆ. ನಗಲಿ. ಟಿವಿ ಮುಂದೆ ಕೂತು ಅಳುವುದಕ್ಕಿಂತ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ನಿಂತು ಸೀಟಿ ಹೊಡೆಯುವುದು ಎಷ್ಟೋ ಮೇಲು.

ನೋಡದವರಿಗೆ ಇದನ್ನು ಹೇಳಿ ತಿಳಿಸುವುದು ಕಷ್ಟ. ಊರ ನಡುವಿನ ಉದ್ದ ರಸ್ತೆಯೇ ಅಖಾಡ. ಎರಡೂ ಬದಿಗೆ ಟ್ರೇಲರು, ಮಾಳಿಗೆ, ಗೋಡೆ, ಮರ, ಎಲ್ಲಿ ನೋಡಿದರೂ ಜನ. ಒಂದು ತುದಿಯಿಂದ ಹೋರಿ ಬಿಡುತ್ತಾರೆ. ಕೊರಳಲ್ಲಿ ಒಣಕೊಬ್ಬರಿಯ ಹಾರ, ಕೋಡಿಗೆ ಬಲೂನು, ಬೆನ್ನ ಮೇಲೆ ಮಿರಮಿರ ಮಿಂಚುವ ಝೂಲಾ ಬಟ್ಟೆ. ಗಟ್ಟಿ ಎದೆಯ ಹುಡುಗರು ಮೈಮೇಲೆ ಬಿದ್ದು ಆ ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ಪಾರಾದರೆ ಹೋರಿ ಗೆದ್ದಿತು. ಅಷ್ಟೇ ಆಟ. ಆದರೆ ಆ ಹೋರಿ ಬಾಲ ಎತ್ತಿ ಧೂಳೆಬ್ಬಿಸಿಕೊಂಡು ಬರುವಾಗ ಮೊಮ್ಮಕ್ಕಳಿರುವುದೂ ಮರೆತು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುತ್ತೇನೆ.

ಇನ್ನು ಮೈಕು. ಮೈಕಿಲ್ಲದ ಹೋರಿ ಹಬ್ಬ ಉಪ್ಪಿಲ್ಲದ ಸಾರು. ಯಾವ ಊರ ಹೋರಿ, ಯಾರ ಮನೆಯದು, ಹೋದ ವರ್ಷ ಎಲ್ಲೆಲ್ಲಿ ಯಾರ ಕೈಯಿಂದ ತಪ್ಪಿಸಿಕೊಂಡಿತು ಎಂದು ಒಂದೇ ಉಸಿರಿಗೆ ಹೇಳಿ ಜನರನ್ನು ಕುಣಿಸುವವನು ಒಬ್ಬ ಬೇಕು. ನಮ್ಮ ಸೀಮೆಯಲ್ಲಿ ಅವನು ನನ್ನ ಗಂಡ. ಅಕ್ಕಿಆಲೂರಿನಲ್ಲಿ ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಸೀಮಂತ, ಪುರಾಣ, ಎಲ್ಲದಕ್ಕೂ ನಮ್ಮದೇ ಕರ್ಣ, ಅದೇ ಕಂಬಕ್ಕೆ ಕಟ್ಟುವ ಅಗಲ ಬಾಯಿಯ ಸ್ಪೀಕರು. ಮನೆಯಲ್ಲಿ ಈ ಮನುಷ್ಯ ಹಾಲಿಗೆ ಸಕ್ಕರೆ ಕಡಿಮೆ ಎನ್ನುವುದಕ್ಕೂ ಬಾಯಿ ಬಿಡುವುದಿಲ್ಲ, ಕಣ್ಣಲ್ಲೇ ಹೇಳುತ್ತಾರೆ. ವರ್ಷವಿಡೀ ಉಳಿಸಿದ ಮಾತೆಲ್ಲ ಹೋರಿಗೆ ಖರ್ಚು.

ನನ್ನ ತವರು ಸವಣೂರು, ಎಲೆಬಳ್ಳಿ ತೋಟದ ಮನೆ. ಬಾಯಿ ಕೆಂಪಿರದ ಗಂಡಿಗೆ ನಮ್ಮಪ್ಪ ಹೆಣ್ಣು ಕೊಡುತ್ತಿರಲಿಲ್ಲವೆಂದು ಮನೆಯಲ್ಲಿ ಈಗಲೂ ತಮಾಷೆ ಮಾಡುತ್ತಾರೆ. ನನ್ನ ಗಂಡನ ಬಾಯಿ ಕೆಂಪೇ. ಎದ್ದಾಗಿನಿಂದ ಮಲಗುವವರೆಗೂ ಎಲೆ ಅಡಿಕೆ. ಆದರೆ ಮೈಕ್ ಹಿಡಿಯುವ ಮೊದಲು ಮಾತ್ರ ಉಗುಳಿ, ಬಾಯಿ ಮುಕ್ಕಳಿಸಿ, ಟವೆಲ್ಲಿನಿಂದ ತುಟಿ ಒರೆಸಿಕೊಂಡೇ ಮೇಲೆ ಹತ್ತುತ್ತಾರೆ. ಮೈಕಿನ ಮುಂದೆ ಬಾಯಲ್ಲಿ ಒಂದು ಅಡಿಕೆ ಹೋಳೂ ಇರುವುದಿಲ್ಲ. ಇದು ನನಗೆ ಗೊತ್ತು. ನೋಡಲು ಬಂದ ಸಾವಿರಾರು ಜನರಿಗೆ ಗೊತ್ತಿಲ್ಲ.

ಇನ್ನೊಂದು ಸಂಗತಿಯೂ ನನಗೆ ಗೊತ್ತಿತ್ತು, ಅದನ್ನು ನನ್ನ ಅಣ್ಣ ಕಲಿಸಿದ್ದು. ಕಲಿಸಿದ್ದು ಎಂದರೆ ಪಾಪ, ಅವನೇ ಪಾಠವಾದ. ಸವಣೂರಿನ ತೋಟದಲ್ಲಿ ಎಲೆ ಕೊಯ್ದು ಕಟ್ಟು ಕಟ್ಟುತ್ತ ಕೂತವನಿಗೆ ಒಂದು ಮಧ್ಯಾಹ್ನ ಬೆರಳಿನಿಂದ ಎಲೆ ಜಾರತೊಡಗಿದವು. ಹಿಡಿದಷ್ಟೂ ಜಾರುತ್ತಿದ್ದವು. ಕೈ ಜೋಮು ಹಿಡಿದಿರಬೇಕೆಂದು ಕೊಡವಿಕೊಂಡ. ಸ್ವಲ್ಪ ಹೊತ್ತಿಗೆ ಕೈ ಸರಿಹೋಯಿತು. ಚಹಾ ಕುಡಿದು ಮತ್ತೆ ಕೂತು ಕಟ್ಟು ಕಟ್ಟಿದ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ, ಹೇಳುವಂಥದ್ದೇನಿತ್ತು? ಅದೇ ವಾರದಲ್ಲಿ ಲಕ್ವಾ ಹೊಡೆಯಿತು. ಬಲಗಡೆಯ ಮೈ ಪೂರ್ತಿ ಹೋಯಿತು, ಮಾತೂ ಹೋಯಿತು.

ಹುಬ್ಬಳ್ಳಿಯ ಡಾಕ್ಟರು ಮೊದಲು ಕೇಳಿದ್ದೇ ಇದನ್ನು: ಇದಕ್ಕಿಂತ ಮುಂಚೆ ಕೈ ಸೋತದ್ದು, ಬಾಯಿ ವಾರೆಯಾದದ್ದು, ಮಾತು ತೊದಲಿದ್ದು, ಒಂದು ಕಣ್ಣಿಗೆ ಪರದೆ ಬಿದ್ದಂತಾದದ್ದು ಏನಾದರೂ ಇತ್ತೇ, ಬಂದು ತಾನಾಗಿಯೇ ಹೋಗಿತ್ತೇ? ಮಾತಾಡಲಾರದ ಅಣ್ಣ ಎಡಗೈ ಎತ್ತಿ ಬೆರಳು ಬಿಡಿಸಿ ಜಾರಿಸಿ ತೋರಿಸಿದ. ಅತ್ತಿಗೆಗೆ ಅರ್ಥವಾಯಿತು, ನನಗೂ. ತಲೆಗೆ ಹೋಗುವ ರಕ್ತ ಒಂದು ಕ್ಷಣ ತಡೆದು ಮತ್ತೆ ಹರಿದಿದೆ, ಅದೇ ಸಣ್ಣ ಲಕ್ವಾ, ಹೋಯಿತೆಂದು ಸುಮ್ಮನಾಗಬಾರದು, ಅವತ್ತೇ ಬರಬೇಕಿತ್ತು ಎಂದು ಅವರು ಬಹಳ ಮೆತ್ತಗೆ ಹೇಳಿದರು. ನಗಿಸಿ ನೋಡಿ, ಎರಡೂ ಕೈ ಎತ್ತಿಸಿ ನೋಡಿ, ಮಾತಾಡಿಸಿ ನೋಡಿ ಎಂದರು. ಅವತ್ತಿನಿಂದ ಈ ಮೂರನ್ನೂ ನಾನು ಹೋದಲ್ಲಿ ಬಂದಲ್ಲಿ ಹೇಳುತ್ತಿರುತ್ತೇನೆ. ನೀರಿನ ಟ್ಯಾಂಕಿನ ಹತ್ತಿರ ನನ್ನನ್ನು ಕಂಡರೆ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುವ ಮಟ್ಟಿಗೆ ಹೇಳಿದ್ದೇನೆ.

ನನ್ನ ಗಂಡನಿಗೂ ಬಿಪಿ ಇತ್ತು. ಗುಳಿಗೆ ಕೊಟ್ಟಿದ್ದರು. ತಲೆನೋವು ಬಂದ ದಿನ ನುಂಗುವುದು, ಬಾರದ ದಿನ ಬಿಡುವುದು. ನಾನು ಕೂಗಾಡಿದರೆ ಕಣ್ಣಲ್ಲೇ ಆಯಿತು ಎನ್ನುತ್ತಿದ್ದರು.

ಅವತ್ತು ತಿಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಹಬ್ಬ. ಚಳಿ ಬಿಟ್ಟು ಬಿಸಿಲು ಏರಿತ್ತು. ನಾನು ಟ್ರೇಲರ್ ಮೇಲೆ ನಮ್ಮ ಓಣಿಯ ಹೆಂಗಸರ ಜೊತೆ ನಿಂತಿದ್ದೆ. ಒಂದರ ಹಿಂದೊಂದು ಹೋರಿ ಬರುತ್ತಿದ್ದವು. ಒಂದು ಕರಿ ಹೋರಿ ಹುಡುಗರ ಗುಂಪನ್ನೇ ಸೀಳಿಕೊಂಡು ಹೋದಾಗ ನಾನು ಕೂಗಿದ ಕೂಗಿಗೆ ಪಕ್ಕದವಳ ಕೂಸು ಬೆದರಿ ಅತ್ತಿತು. ಎಲ್ಲರೂ ಕಾದಿದ್ದದ್ದು ಕೊನೆಯ ಹೋರಿಗೆ. ಹಿರೇಕೆರೂರು ಕಡೆಯದು, ಆ ವರ್ಷ ಎಲ್ಲೂ ಯಾರಿಗೂ ಸಿಕ್ಕಿರಲಿಲ್ಲ. ಅದರ ಅಭಿಮಾನಿಗಳು ಒಂದೇ ಬಣ್ಣದ ಅಂಗಿ ಹಾಕಿಕೊಂಡು ಆಗಲೇ ಕುಣಿಯುತ್ತಿದ್ದರು. ಇಡೀ ಹಂಗಾಮು ನಾನು ಅದೊಂದನ್ನು ನೋಡಬೇಕೆಂದು ಜೀವ ಹಿಡಿದಿದ್ದೆ.

ಅದಕ್ಕೆ ಮುಂಚೆ ಇನ್ನೂ ನಾಲ್ಕಾರು ಇದ್ದವು. ಒಂದು ಹೋರಿ ಬಿಟ್ಟರು. ಮೈಕಿನಲ್ಲಿ ನನ್ನ ಗಂಡ ಎಂದಿನಂತೆ, "ಬಂತು ನೋಡ್ರಿ, ಬಂತು ನೋಡ್ರಿ, ದಾರಿ ಬಿಡ್ರಿ, ದಿಲ್ ಗಟ್ಟಿ ಹಿಡೀರಿ" ಎಂದು ಶುರು ಮಾಡಿದರು. ಆಮೇಲೆ ಹೋರಿಯ ಊರು ಹೇಳಬೇಕು. ಅಲ್ಲಿ ದನಿ ಜಾರಿತು. "ಬಂ... ಬಂಥು... ನೋ..." ಎಂದಿತು. ನಾಲಿಗೆ ದಪ್ಪವಾದ ಹಾಗೆ, ಬಾಯಿ ತುಂಬ ಅನ್ನವಿಟ್ಟುಕೊಂಡು ಮಾತಾಡಿದ ಹಾಗೆ.

ಜನ ನಕ್ಕರು. ಪಕ್ಕದವಳು ನನ್ನ ಸೊಂಟಕ್ಕೆ ತಿವಿದಳು.

"ಏನಬೇ, ನಿನ್ನ ಗಂಡ ಬಾಯಾಗ ಎಲಿ ಹಾಕ್ಕೊಂಡು ಮಾತಾಡಾಕತ್ತಾನ?"

"ಸವಣೂರು ಎಲಿ ಇರಬೇಕು ಬಿಡ, ಅತ್ತಿ ಮನಿದು," ಎಂದಳು ಇನ್ನೊಬ್ಬಳು.

ಹಿಂದಿನಿಂದ ಯಾವನೋ, "ಎಲಿ ಅಲ್ಲ, ಜರಾ ತೊಗೊಂಡಾನ ಮೈಕ್ ಮಾಸ್ತರ್," ಎಂದ. ಮತ್ತೆ ನಗು. ಮೈಕಿನಲ್ಲಿ ಮತ್ತೊಮ್ಮೆ ಏನೋ ಗೊಣಗಿದಂತಾಗಿ, ಧಡ್ ಎಂದು ಮೈಕ್ ಬಿದ್ದ ಸದ್ದು ಬಂತು. ಅದಕ್ಕೂ ಜನ ಹೋ ಎಂದರು. ಅಷ್ಟರಲ್ಲಿ ಹೋರಿ ನಮ್ಮ ಮುಂದೆಯೇ ಹಾದುಹೋಯಿತು. ಅದು ಬಿಳಿಯದೋ ಕೆಂಪನೆಯದೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಟ್ರೇಲರ್‌ನಿಂದ ಜಿಗಿದೆ. ನನ್ನ ಮೊಣಕಾಲು ನೋವು ಆಗ ಎಲ್ಲಿ ಹೋಗಿತ್ತೋ. ಸೀರೆ ಎತ್ತಿ ಕಟ್ಟಿಕೊಂಡು, ಗೋಡೆಗುಂಟ, ಜನರ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ, ಮೊಣಕೈಯಲ್ಲಿ ದಾರಿ ಮಾಡಿಕೊಳ್ಳುತ್ತ ಓಡಿದೆ. ಎಲೆಯಲ್ಲ, ಕುಡಿತವಲ್ಲ, ಎಲೆಯಲ್ಲ, ಕುಡಿತವಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಅಣ್ಣನ ಬೆರಳು ಕಣ್ಣ ಮುಂದೆ ಬರುತ್ತಿತ್ತು.

ಅಖಾಡದ ತುದಿಯಲ್ಲಿ ಎರಡು ಟ್ರೇಲರ್ ಸೇರಿಸಿ ವೇದಿಕೆ ಮಾಡಿದ್ದರು. ನನ್ನ ಗಂಡ ಕುರ್ಚಿಯಲ್ಲಿ ಒಂದು ಕಡೆ ವಾಲಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಯಾರದ್ದೋ ಕೈ ಇಟ್ಟಂತೆ ಬಿದ್ದಿತ್ತು. ಬಾಯಿಯ ಬಲ ಮೂಲೆ ಕೆಳಗಿಳಿದು ಜೊಲ್ಲು ಸೋರುತ್ತಿತ್ತು. ಜೊಲ್ಲು ಬೆಳ್ಳಗಿತ್ತು, ಎಲೆಯ ಕೆಂಪಿರಲಿಲ್ಲ. ನನ್ನನ್ನು ನೋಡಿ ಏನೋ ಹೇಳಲು ಹೋದರು, ಆಗಲಿಲ್ಲ. ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

ಆದರೆ ಹಬ್ಬ ನಡೆಸುವ ಕಮಿಟಿಯವರು ತಮ್ಮ ಕೆಲಸ ಶುರು ಮಾಡಿಯಾಗಿತ್ತು. ಹೋರಿ ಕಟ್ಟುವ ಜನರಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ದೃಷ್ಟಿಯದು. ಅಖಾಡಕ್ಕೆ ಇಳಿಸುವ ಮೊದಲು ಹೋರಿಗೆ ನಿಂಬೆಹಣ್ಣು, ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಆ ಸಾಮಾನು ಅಲ್ಲೇ ಬುಟ್ಟಿಯಲ್ಲಿತ್ತು. ಕಮಿಟಿಯ ಹಿರಿಯರು, ಹಳದಿ ರುಮಾಲಿನ ಅಜ್ಜ, ಮುಷ್ಟಿ ತುಂಬ ಹಿಡಿದುಕೊಂಡು ನನ್ನ ಗಂಡನ ತಲೆಯಿಂದ ಕಾಲಿನವರೆಗೆ ನಿವಾಳಿಸುತ್ತಿದ್ದರು.

"ಹೋರಿ ಮ್ಯಾಗಿನ ದೃಷ್ಟಿ ಇವಂಗ ತಾಗೇತಿ. ಹೊಗಳಿ ಹೊಗಳಿ ತನ್ನ ಮ್ಯಾಲ ಎಳಕೊಂಡಾನ," ಎಂದರು.

ಒಬ್ಬ ಸೋಡಾ ತಂದ. ಬಾಯಿಗೆ ಹಿಡಿಯಲು ಬಂದವನ ಕೈಯಿಂದ ಬಾಟಲಿ ಕಿತ್ತುಕೊಂಡೆ. ಮಾತಿಗೆ ತಿರುಗದ ನಾಲಿಗೆ ನುಂಗುವುದಕ್ಕೂ ತಿರುಗುವುದಿಲ್ಲ, ಅಣ್ಣನಿಗೆ ನೀರು ಕುಡಿಸಲು ಹೋಗಿ ಉಸಿರು ಕಟ್ಟಿದ್ದನ್ನು ಅತ್ತಿಗೆ ಹೇಳಿದ್ದಳು. "ಬಾಯಿಗೆ ಏನೂ ಹಾಕಬ್ಯಾಡ್ರಿ! ಮದ್ಲ ಗಾಡಿ ತರ್ರಿ, ದವಾಖಾನಿಗೆ ಒಯ್ಯೂಣು!" ಎಂದು ಕಿರುಚಿದೆ.

ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಿದರು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಇದ್ದದ್ದು ಖರೆ ಎಂದು ಲೆಕ್ಕ. ಎಲ್ಲರೂ ತಲೆಯಾಡಿಸಿದರು. ನಾನು ಗಂಡನ ಅಂಗೈ ತಿಕ್ಕುತ್ತ, ಅವರಿವರಿಗೆ ಗಾಡಿ ಗಾಡಿ ಎಂದು ಕೂಗುತ್ತ ಇರುವಾಗಲೇ, ನನ್ನ ಕಣ್ಣೆದುರೇ, ಜಾರಿದ್ದ ತುಟಿಯ ಮೂಲೆ ನಿಧಾನಕ್ಕೆ ಮೇಲೆ ಬಂತು. ಬಲಗೈಯ ಬೆರಳು ಅಲುಗಿದವು. ನನ್ನ ಕೈ ಹಿಡಿದು ಒತ್ತಿದರು. ಆಮೇಲೆ ಸ್ಪಷ್ಟವಾಗಿ, ಅಕ್ಷರ ಅಕ್ಷರ ಸ್ಪಷ್ಟವಾಗಿ, "ಯಾಕ ಅಳಾಕತ್ತೀ?" ಎಂದರು.

ಆ ಸಂತೋಷವನ್ನು ಸುಳ್ಳು ಎನ್ನಲಾರೆ. ನನಗೆ ನಗು ಅಳು ಒಟ್ಟಿಗೇ ಬಂದವು. ವೇದಿಕೆಯ ಮೇಲಿನವರೆಲ್ಲ ಚಪ್ಪಾಳೆ ಹೊಡೆದರು. ರುಮಾಲಿನ ಅಜ್ಜ ಗೆದ್ದ ಹೋರಿಯ ಹಾಗೆ ಎದೆ ಉಬ್ಬಿಸಿ ನಿಂತರು.

"ಹೋತು ನೋಡು! ಹೆಂಗ ಹೋತು! ದವಾಖಾನಿ ಅಂತ, ದವಾಖಾನಿ!"

ಇಲ್ಲೇ ಇರುವುದು ಮೋಸ. ಆ ಹೊತ್ತಿಗೆ ನಿಂಬೆಹಣ್ಣು ನಿವಾಳಿಸಿದ್ದರೆ ನಿಂಬೆಹಣ್ಣಿಗೆ ಹೆಸರು, ಬೆನ್ನು ತಿಕ್ಕಿದ್ದರೆ ತಿಕ್ಕಿದವನಿಗೆ ಹೆಸರು, ಏನೂ ಮಾಡದೆ ನಿಂತಿದ್ದರೆ ದೇವರಿಗೆ ಹೆಸರು. ಅದು ತಾನಾಗಿ ಬಂದು ತಾನಾಗಿ ಹೋಗುವಂಥದ್ದು. ನನ್ನ ಅಣ್ಣ ಚಹಾ ಕುಡಿದಿದ್ದ, ಅವನ ಲೆಕ್ಕದಲ್ಲಿ ಚಹಾಕ್ಕೆ ಹೆಸರು. ಇದನ್ನು ಆ ಧೂಳು, ಆ ಕೇಕೆ, ಆ ಉತ್ಸಾಹದ ನಡುವೆ ಯಾರಿಗೆ ಬಿಡಿಸಿ ಹೇಳಲಿ?

ನನ್ನ ಗಂಡ ಆಗಲೇ ಮೈಕ್ ಎತ್ತಿಕೊಂಡಿದ್ದರು.

"ಇಡ್ರಿ ಕೆಳಗ," ಎಂದೆ. "ಹಾನಗಲ್ಲಿಗೆ ಹೋಗೂಣು, ನಡೀರಿ."

"ಏನೂ ಆಗಿಲ್ಲ ನನಗ. ಜರಾ ತಲಿ ತಿರಗಿತ್ತು. ಇನ್ನ ಮೂರ ಹೋರಿ ಉಳದಾವ, ಹಿರೇಕೆರೂರಿಂದು ಬರಬೇಕು. ನೀ ಹೋಗಿ ಟ್ರೇಲರ್ ಮ್ಯಾಲ ಕುಂದ್ರು."

"ಬಾಯಿ ಸೊಟ್ಟ ಆಗಿತ್ರಿ ನಿಮ್ಮದು. ಕೈ ಬಿದ್ದಿತ್ತು."

"ಈಗ ಐತೇನ?"

ಈಗ ಇರಲಿಲ್ಲ. ನಾನು ಕಲಿತದ್ದನ್ನು ಮಾಡಿ ತೋರಿಸಿ ಎಲ್ಲರ ಬಾಯಿ ಮುಚ್ಚಿಸೋಣವೆಂದು, "ಎರಡೂ ಕೈ ಎತ್ರಿ," ಎಂದೆ. ಎತ್ತಿದರು, ಪೈಲ್ವಾನನ ಹಾಗೆ. "ನಗ್ರಿ," ಎಂದೆ. ಕೆಂಪು ಹಲ್ಲು ಅಷ್ಟೂ ಕಾಣುವಂತೆ ಕಿಸಿದರು, ಎರಡೂ ಕಡೆ ಸಮ. "ಏನರ ಮಾತಾಡ್ರಿ," ಎಂದೆ. ಮೈಕಿನಲ್ಲೇ, "ನಮ್ಮ ಮನಿಯವರು ಡಾಕ್ಟರ್ ಆಗ್ಯಾರ್ರೀ, ಎಲ್ಲಾರೂ ಒಂದು ಚಪ್ಪಾಳಿ ಹೊಡೀರಿ," ಎಂದರು. ಅಖಾಡದ ತುಂಬ ಚಪ್ಪಾಳೆ, ಸೀಟಿ. ನನ್ನ ಪರೀಕ್ಷೆಯಲ್ಲಿ ಅವರು ಫಸ್ಟ್ ಕ್ಲಾಸಿನಲ್ಲಿ ಪಾಸಾದರು, ನಾನು ಫೇಲಾದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವತ್ತು ಬಂದದ್ದು ಬೇರೆ ಸಿಟ್ಟು. ಈ ಮನುಷ್ಯ ನನ್ನ ಮಾತು ಕೇಳುವುದಿಲ್ಲ, ಮಗನ ಮಾತು ಕೇಳುವುದಿಲ್ಲ, ಡಾಕ್ಟರ ಮಾತು ಕೇಳುವುದಿಲ್ಲ. ಇಡೀ ಲೋಕದಲ್ಲಿ ಅವರು ಕೇಳುವುದು ಒಬ್ಬರ ಮಾತನ್ನು ಮಾತ್ರ, ಎದುರಿಗೆ ನಿಂತ ಜನರದ್ದು. ಜನ ಇನ್ನೊಮ್ಮೆ ಎಂದರೆ ಇನ್ನೊಮ್ಮೆ, ಸಾಕು ಎಂದರೆ ಸಾಕು. ನನಗೆ ತಟ್ಟನೆ ಹೊಳೆಯಿತು. ಅವರ ಕೈಯಿಂದ ಮೈಕ್ ಕಸಿದುಕೊಂಡೆ.

ಮೈಕಿನಂಗಡಿಯವನ ಹೆಂಡತಿಯಾಗಿ ಇಷ್ಟು ವರ್ಷ ನಾನು ಒಮ್ಮೆಯೂ ಮೈಕಿನಲ್ಲಿ ಮಾತಾಡಿದವಳಲ್ಲ. ನನ್ನ ಉಸಿರು ಎಂಟು ಕರ್ಣಗಳಲ್ಲಿ ಬುಸ್ ಬುಸ್ ಎಂದು ಕೇಳಿಸಿದಾಗ ನಾನೇ ಬೆದರಿದೆ. ಜನ ನಕ್ಕರು.

"ನಗಬ್ಯಾಡ್ರಿ," ಎಂದೆ. "ನಾ ಈ ಮೈಕ್ ಮನುಷ್ಯಾನ ಹೇಣ್ತಿ ಅದೇನಿ. ಈಗಿನ್ನ ಇವರ ಮಾತು ತೊದಲಿದ್ದು ನೀವೂ ಕೇಳೀರಿ. ಎಲಿ ಹಾಕ್ಯಾನ ಅಂದ್ರಿ, ಕುಡದಾನ ಅಂದ್ರಿ. ಬಾಯಾಗ ಎಲಿ ಇರಲಿಲ್ಲ, ಹೊಟ್ಟ್ಯಾಗ ಹನಿ ಇರಲಿಲ್ಲ. ಬಾಯಿ ಸೊಟ್ಟ ಆಗಿತ್ತು, ಬಲಗೈ ಬಿದ್ದಿತ್ತು. ನಮ್ಮಣ್ಣಗೂ ಹಿಂಗ ಬಂದು ಹಿಂಗ ಹೋಗಿತ್ತು. ಸರಿ ಆತಂತ ಮನ್ಯಾಗ ಕುಂತಾ. ಈಗ ಸವಣೂರಾಗ ಹಾಸಿಗಿ ಹಿಡದಾನ, ನನ್ನನ್ನ ತಂಗೀ ಅಂತ ಕರ್ಯಾಕೂ ಬರಂಗಿಲ್ಲ ಅವಂಗ."

ಅಲ್ಲಿ ನನ್ನ ದನಿ ಒಡೆಯಿತು. ಒಡೆದದ್ದೂ ಎಂಟು ಕರ್ಣಗಳಲ್ಲಿ ಕೇಳಿಸಿತು. ಅಷ್ಟು ಜನ ಒಮ್ಮೆಲೇ ಸುಮ್ಮನಾದದ್ದನ್ನು ನಾನು ಹೋರಿ ಹಬ್ಬದಲ್ಲಿ ಎಂದೂ ಕಂಡಿಲ್ಲ. ಹೋರಿಗಳ ಗೆಜ್ಜೆ ಸದ್ದು ಬಿಟ್ಟರೆ ಬೇರೇನಿಲ್ಲ.

"ಬರೂ ವರ್ಷನೂ ಈ ದನಿ ನಿಮಗ ಬೇಕೋ ಬ್ಯಾಡೋ?" ಎಂದೆ.

"ಬೇಕು!" ಎಂದಿತು ಒಂದು ಮಾಳಿಗೆ.

"ಬೇಕು! ಬೇಕು!" ಎಂದಿತು ಇಡೀ ಊರು.

"ಹಂಗಾರ ನಾ ಹೇಳಿದ್ರ ಕೇಳಂಗಿಲ್ಲ ಇವರು. ನೀವು ಹೇಳ್ರಿ, ದವಾಖಾನಿಗೆ ಹೋಗಂತ."

ದೇವರೇ, ಆ ಕೂಗು! "ಹೋಗ್ರೀ! ಹೋಗ್ರೀ!" ಎಂದು ಮಾಳಿಗೆಯಿಂದ, ಮರದಿಂದ, ಟ್ರೇಲರುಗಳಿಂದ ಎದ್ದು ಬಂತು. ಹಿರೇಕೆರೂರಿನ ಹೋರಿಯ ಅಂಗಿ ಹಾಕಿದ ಹುಡುಗರೇ ಎಲ್ಲಕ್ಕಿಂತ ಜೋರಾಗಿ ಕೂಗಿದರು, ತಮ್ಮ ಹೋರಿಯನ್ನೇ ನಿಲ್ಲಿಸಿಕೊಂಡು. ನನ್ನ ಗಂಡ ಕುರ್ಚಿಯಿಂದ ಎದ್ದರು. ಮುಖ ಸಣ್ಣದಾಗಿತ್ತು. ಜನರ ದನಿಗೆ ಎದುರಾಡುವುದು ಅವರಿಗೆ ಗೊತ್ತಿರಲಿಲ್ಲ. ರುಮಾಲಿನ ಅಜ್ಜ ಕೂಡ, "ಹೋಗಿ ಬಾ ತಮ್ಮಾ, ದೃಷ್ಟಿ ಅಂತೂ ತಗದೇನಿ, ಉಳದದ್ದು ಅವರು ನೋಡಲಿ," ಎಂದು ಹೆಗಲು ತಟ್ಟಿದರು. ಇರಲಿ, ಅಷ್ಟು ಪಾಲು ಅವರಿಗೂ ಸಲ್ಲಲಿ.

ಆದರೆ ಹೋಗುವುದು ಹೇಗೆ? ಊರ ಎಲ್ಲ ದಾರಿಯಲ್ಲೂ ಟ್ರ್ಯಾಕ್ಟರು ಅಡ್ಡ ನಿಂತಿದ್ದವು. ಆಂಬುಲೆನ್ಸಿಗೆ ಯಾರೋ ಫೋನ್ ಮಾಡಿದ್ದರು, ಅದು ಒಳಗೆ ಬರುವ ಹಾಗಿರಲಿಲ್ಲ. ಬಂಕಾಪುರದ ಒಬ್ಬ ಚಾಚಾ, ತಮ್ಮ ಹೋರಿಯನ್ನು ಪಿಕಪ್ ಗಾಡಿಯಲ್ಲಿ ತಂದಿದ್ದವರು, ಜನರನ್ನು ತಳ್ಳಿಕೊಂಡು ಬಂದರು.

"ಬೆಹನ್, ನನ್ನ ಗಾಡಿ ಇಲ್ಲೇ ಐತಿ. ಹೋರಿ ಇಳಿಸೇನಿ, ನಿನ್ನ ಗಂಡನ್ನ ಹತ್ತಿಸು. ಅಖಾಡದಾಗಿಂದನ ಹೊಡಕೊಂಡು ಹೋಗೂಣು."

ಹೋರಿ ಓಡುವ ದಾರಿಯಲ್ಲಿ ನಮ್ಮ ಗಾಡಿ ಓಡಿತು. ಎರಡೂ ಬದಿಯ ಹುಡುಗರು ಕೈ ಕೈ ಹಿಡಿದು ಬೇಲಿಯಾಗಿ ನಿಂತರು. ಹೋರಿ ಕಂಡರೆ ಮೈಮೇಲೆ ಬೀಳುವ ಹುಡುಗರು, ಒಬ್ಬನೂ ಅಡ್ಡ ಬರಲಿಲ್ಲ. ಮೇಲಿನಿಂದ ಹೆಂಗಸರು ಕೈ ಬೀಸುತ್ತಿದ್ದರು. ಸೀಟಿ, ಕೇಕೆ, ಹಲಗೆಯ ಬಡಿತ, ಧೂಳು. ಚಾಚಾ ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ನನ್ನ ಗಂಡ ನನ್ನ ಮತ್ತು ಚಾಚಾನ ನಡುವೆ ಇಕ್ಕಟ್ಟಿನಲ್ಲಿ ಕೂತು, ಬಾಯಿ ತಡೆಯಲಾರದೆ, "ಬಂತು ನೋಡ್ರಿ ಬಂಕಾಪುರದ ಗಾಡಿ, ಹಿಡಿಯೂ ಗಂಡಸ್ಯಾರ ಅದಾನ," ಎಂದು ಮೆಲ್ಲಗೆ ಗೊಣಗಿಕೊಂಡರು. ಒಂದು ಅಕ್ಷರವೂ ಜಾರಲಿಲ್ಲ. ನಾನು ಪ್ರತಿ ಅಕ್ಷರವನ್ನೂ ಕಿವಿಯಲ್ಲಿ ಹಿಡಿದು ನೋಡುತ್ತಿದ್ದೆ.

ಹಾನಗಲ್ಲಿನ ಆಸ್ಪತ್ರೆಯಲ್ಲಿ ಬಿಪಿ ನೋಡಿದರು, ಸಕ್ಕರೆ ನೋಡಿದರು. ಬಿಪಿ ನೋಡಿದ ನರ್ಸಮ್ಮ ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ಯಂತ್ರ ತಂದರು. ಅದೂ ಅಷ್ಟೇ ಹೇಳಿತು. ಡಾಕ್ಟರು ನನ್ನ ಮಾತನ್ನು ನಡುವೆ ಒಮ್ಮೆಯೂ ಕತ್ತರಿಸದೆ ಕೇಳಿದರು, ಯಾವ ಕೈ, ಎಷ್ಟು ಹೊತ್ತು, ಯಾವಾಗ ಶುರುವಾಯಿತು ಎಂದು ಕೇಳಿ ಬರೆದುಕೊಂಡು, ಸ್ಕ್ಯಾನ್ ಆಗಬೇಕೆಂದು ಆಗಲೇ ಆಂಬುಲೆನ್ಸ್ ಮಾಡಿ ಹುಬ್ಬಳ್ಳಿಗೆ ಕಳಿಸಿದರು.

ಶಿಗ್ಗಾವಿ ದಾಟಿ ಹೆದ್ದಾರಿಯಲ್ಲಿ ಹೋಗುವಾಗ ನನ್ನ ಗಂಡ ಮೌನ ಮುರಿದರು. ಮುರಿದದ್ದಷ್ಟೇ ಅಲ್ಲ, ಹುಬ್ಬಳ್ಳಿ ಬರುವವರೆಗೆ ಬೈದರು. ಇಡೀ ಸೀಮೆಯ ಮುಂದೆ ನನ್ನ ಮರ್ಯಾದೆ ತೆಗೆದೆ, ಆರಾಮಿದ್ದವನನ್ನು ಹೆಣದ ಗಾಡಿಯಲ್ಲಿ ಮಲಗಿಸಿದೆ, ಹಿರೇಕೆರೂರಿನ ಹೋರಿ ತಪ್ಪಿಸಿದೆ ಎಂದು. ನಮ್ಮ ಇಡೀ ಸಂಸಾರದಲ್ಲಿ ಅವರು ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ಆ ಬೈಗುಳ ಕೇಳಿ ಖುಷಿಯೋ ಖುಷಿ. ಬೈಯಿರಿ, ಬೈಯಿರಿ, ನಿಲ್ಲಿಸಬೇಡಿ ಎಂದುಕೊಂಡೆ. ಮಾತು ಓಡುತ್ತಿರುವಷ್ಟು ಹೊತ್ತು ರಕ್ತವೂ ಓಡುತ್ತಿದೆ.

ಹುಬ್ಬಳ್ಳಿಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ಆಮೇಲೆ ಕೊರಳಿನದು. ಕೊರಳಿನ ಎಡಬದಿಯ ರಕ್ತನಾಳ ಒಳಗೆ ಕೊಬ್ಬು ಕಟ್ಟಿ ಸಪೂರವಾಗಿತ್ತು. ಅಲ್ಲಿಂದ ಒಂದು ಚೂರು ಹೋಗಿ ತಲೆಯಲ್ಲಿ ಸಿಕ್ಕಿ, ಕರಗಿ ಹೋಗಿದೆ ಎಂದರು. ಗುಳಿಗೆ ಶುರು ಮಾಡಿದರು. ವಾರ್ಡಿಗೆ ಸೇರಿಸಿಕೊಂಡರು.

ಮರುದಿನ ಬೆಳಿಗ್ಗೆ ಮತ್ತೆ ಜಗಳ. ವಾರ್ಡಿನ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಬೀಸಿ ಬೀಸಿ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಏನ್ ಆಗೇತಿ ನನಗ? ನೋಡು, ಕೈ ನೋಡು, ಬಾಯಿ ನೋಡು. ಇವತ್ತ ಮನಿಗೆ ಹೋಗೂದ. ಹೇಳ ಅವರಿಗೆ. ನಾ ಇಲ್ಲಿ ಒಂದ..."

ಒಂದ ಎಂದವರು ಅಲ್ಲೇ ನಿಂತರು. ಬೀಸಿದ ಬಲಗೈ ಗಾಳಿಯಲ್ಲೇ ತೂಕ ತಪ್ಪಿ ಕೆಳಗೆ ಬಿತ್ತು. ತುಟಿಯ ಮೂಲೆ ಇಳಿಯಿತು.

ಡಾಕ್ಟರು ಎದುರಿನ ಹಾಸಿಗೆಯ ಹತ್ತಿರವೇ ಇದ್ದರು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಪರದೆ ಎಳೆದರು, ಮಂಚ ತಳ್ಳಿಕೊಂಡು ಓಡಿದರು. ನಾನು ಹಿಂದೆ ಹಿಂದೆ ಬರಿಗಾಲಲ್ಲಿ ಓಡಿದೆ. ಬಾಗಿಲು ಮುಚ್ಚಿತು. ಹೊರಗೆ ಗೋಡೆಗೆ ಒರಗಿ ನಿಂತಾಗ ಒಂದೇ ಯೋಚನೆ ಬರುತ್ತಿತ್ತು. ನಿನ್ನೆ ಹೋರಿ ನೋಡಿಕೊಂಡು ಮನೆಗೆ ಹೋಗಿದ್ದರೆ ಈ ಹೊತ್ತಿಗೆ ನಾನು ಅಕ್ಕಿಆಲೂರಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದೆ, ಇವರು ಅಂಗಡಿಯಲ್ಲಿ ಒಬ್ಬರೇ ಇರುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಮಾತು ತಿರುಗಿ ಬಂತು. ಕೈಯೂ ಬಂತು, ಹೆಬ್ಬೆರಳು ಮಾತ್ರ ಸ್ವಲ್ಪ ಸೋಮಾರಿ. ಇನ್ನು ತಡ ಮಾಡುವ ಹಾಗಿಲ್ಲ, ಕೊರಳಿನ ನಾಳ ಬಿಡಿಸಿ ಸ್ವಚ್ಛ ಮಾಡಬೇಕು ಎಂದು ಡಾಕ್ಟರು ಹೇಳಿದರು. ಈ ಸಲ ನನ್ನ ಗಂಡ ಏನೂ ವಾದ ಮಾಡಲಿಲ್ಲ. ಸಹಿ ಮಾಡಿದರು.

ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ನನ್ನನ್ನು ಹತ್ತಿರ ಕರೆದರು. ಕೊರಳ ಮೇಲೆ ಆಗಲೇ ಗುರುತು ಹಾಕಿದ್ದರು. ನನಗೆ ಅಳು ಬರುತ್ತಿತ್ತು, ತಡೆದುಕೊಂಡಿದ್ದೆ.

"ಒಂದು ಕೇಳ್ತೇನಿ," ಎಂದರು. "ಅವತ್ತ ಅಷ್ಟ ಮಂದಿ ಇದ್ರು. ನನ್ನ ಬಾಜೂಕ ಕಮಿಟಿಯವರು ಇದ್ರು. ಯಾರಿಗೂ ಗೊತ್ತಾಗಲಿಲ್ಲ. ನೀ ಅಷ್ಟ ದೂರ ಟ್ರೇಲರ್ ಮ್ಯಾಲ ಇದ್ದಿ, ಹೋರಿ ಬ್ಯಾರೆ ಬರಾಕತ್ತಿತ್ತು. ನಿನಗ ಹೆಂಗ ಗೊತ್ತಾತು?"

ಏನು ಹೇಳಲಿ? ಸೊಸೆಗೆ ಹೇಳಿರಲಿಲ್ಲ, ಓಣಿಯ ಹೆಂಗಸರಿಗೆ ಹೇಳಿರಲಿಲ್ಲ, ಈ ಕಥೆಯ ಮೊದಲ ಸಾಲಿನಲ್ಲಿ ನಿಮಗೂ ನಾನು ನಿಜ ಹೇಳಿಲ್ಲ.

"ಹೋರಿ ಯಾರು ನೋಡ್ತಾರ್ರೀ?" ಎಂದೆ. "ಮನ್ಯಾಗ ನೀವು ಮಾತಾಡಂಗಿಲ್ಲ. ನಿಮ್ಮ ದನಿ ಕೇಳಾಕಂತ ಬರ್ತಿದ್ದೆ ನಾ."